ಸ್ಲಾಟ್ ಕ್ಯಾನಿಯನ್ ಫೋಟೋ ಮಸುಕಾಗಿದೆ, ತಪ್ಪು ಫೋಕಸ್‌ನದಾ?

ಪ್ರಶ್ನೆ: ನಾನು ಅರಿಜೋನಾದ ಚಾಂಡ್ಲರ್‌ನಲ್ಲಿ ಕೆಲಸದಲ್ಲಿದ್ದೇನೆ. ಕಳೆದ ಜೂನ್‌ನಲ್ಲಿ ಪೇಜ್ ಊರಿನ ಹತ್ತಿರದ ಲೋಯರ್ ಆಂಟಿಲೋಪ್ ಕ್ಯಾನಿಯನ್‌ಗೆ, ಅಂದರೆ ಮರಳುಗಲ್ಲಿನ ಇಕ್ಕಟ್ಟಾದ ಸೀಳು ಕಣಿವೆಗೆ (ಸ್ಲಾಟ್ ಕ್ಯಾನಿಯನ್), ಹೋಗಿದ್ದೆ. ನನ್ನದು 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್‌ನ) ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ 18-55 ಕಿಟ್ ಲೆನ್ಸ್. ಹತ್ತಿರದ ಗೋಡೆಯಿಂದ ದೂರದ ತಿರುವಿನ ತನಕ ಎಲ್ಲ ಶಾರ್ಪ್ ಬರಲಿ ಅಂತ ಲೆನ್ಸಿನ ಕಿಂಡಿ ಸಣ್ಣದು ಮಾಡಿ ಎಫ್/16 ಇಟ್ಟಿದ್ದೆ. ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 400. ಮುನ್ನೂರು ಚಿಲ್ಲರೆ ಫೋಟೋಗಳಲ್ಲಿ ಹತ್ತು ಕೂಡ ನೆಟ್ಟಗಿಲ್ಲ. ಫೋಕಸ್ ಹಿಂದೆ ಮುಂದೆ ಓಡಾಡುತ್ತಲೇ ಇತ್ತು. ಬಣ್ಣ ನೋಡಿದರೆ ಕೆಸರು. ಹೆಂಡತಿ ಫೋನ್‌ನಲ್ಲಿ ತೆಗೆದದ್ದು ಮಾತ್ರ ಕೆಂಡದ ಹಾಗೆ ಹೊಳೆಯುತ್ತಿದೆ. ಸೆಪ್ಟೆಂಬರ್ ಎರಡನೇ ವಾರ ಅಮ್ಮ ದಾವಣಗೆರೆಯಿಂದ ಬರುತ್ತಾರೆ, ಅವರನ್ನು ಅಪ್ಪರ್ ಆಂಟಿಲೋಪ್‌ಗೆ ಕರೆದುಕೊಂಡು ಹೋಗಬೇಕು. ಮೇಲಿಂದ ಕೋಲಿನ ಹಾಗೆ ಬೀಳುವ ಬೆಳಕೂ ಸಿಗಬೇಕು ಅಂತ ಆಸೆ. ಒಬ್ಬ ಗೆಳೆಯ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾ ತಗೋ ಅನ್ನುತ್ತಾನೆ. ಇನ್ನೊಬ್ಬ ಟ್ರೈಪಾಡ್ ಇಟ್ಟು ಎಚ್‌ಡಿಆರ್ (ಬೆಳಕು ಹೆಚ್ಚು ಕಮ್ಮಿ ಮಾಡಿ ತೆಗೆದ ಫೋಟೋಗಳನ್ನು ಸೇರಿಸುವುದು) ಮಾಡು ಅನ್ನುತ್ತಾನೆ. ನಾಲ್ಕು ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ನಿಮ್ಮ ನಾಲ್ಕು ಫೈಲ್ ತೆರೆದಾಗ ಮೊದಲು ನೋಡಿದ್ದು ಫೋಟೋವನ್ನಲ್ಲ, ಶಟರ್ ಅಂಕಿಯನ್ನು, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಗೆ ಬಿಟ್ಟಿತು ಅನ್ನುವುದನ್ನು. 1/4 ಸೆಕೆಂಡ್. ನಾಲ್ಕರಲ್ಲೂ ಹೆಚ್ಚೂಕಮ್ಮಿ ಅದೇ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿಬಿಟ್ಟಿತು. ನೀವು ಫೋಕಸ್ ತಪ್ಪಿದೆ ಅಂದುಕೊಂಡಿದ್ದೀರಿ. ಮೂರು ಫೋಟೋಗಳಲ್ಲಿ ಫೋಕಸ್‌ನದು ಏನೂ ತಪ್ಪಿಲ್ಲ, ಕೈ ಅಲುಗಾಡಿದೆ ಅಷ್ಟೆ.

ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. ಫೋಟೋವನ್ನು ಕಂಪ್ಯೂಟರ್‌ನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ. ನಿಮ್ಮ ಎರಡನೇ ಫೋಟೋದ ಬಲಗಡೆ ಒಬ್ಬರ ಟೋಪಿ ಇದೆ. ಅದರ ಅಂಚು ಎರಡೆರಡಾಗಿ ಕಾಣುತ್ತದೆ, ಓರೆಯಾಗಿ ಕೆಳಕ್ಕೆ ಜಾರಿದ ಹಾಗೆ. ಈಗ ಹಿಂದಿನ ಗೋಡೆಯ ಗೆರೆಗಳನ್ನು ನೋಡಿ. ಅವೂ ಅದೇ ಕಡೆಗೆ, ಅಷ್ಟೇ ಜಾರಿವೆ. ಹತ್ತಿರದ್ದು, ದೂರದ್ದು ಎರಡೂ ಒಂದೇ ದಿಕ್ಕಿಗೆ ಜಾರಿದ್ದರೆ ಅದು ಕೈ. ಫೋಕಸ್ ತಪ್ಪಿದ್ದರೆ ಬೇರೆ ಎಲ್ಲಾದರೂ ಒಂದು ಜಾಗ ಶಾರ್ಪ್ ಇರಲೇಬೇಕು, ನೀವು ಬಯಸಿದ ಜಾಗದಲ್ಲಿ ಅಲ್ಲ ಅಷ್ಟೆ. ನಿಮ್ಮ ನಾಲ್ಕನೇ ಫೋಟೋ ಹಾಗಿದೆ. ಎಡಗಡೆ ಮುಂದಿನ ಗೋಡೆಯ ಮರಳಿನ ಕಾಳು ಎಣಿಸಬಹುದು, ತಿರುವು ಮಾತ್ರ ಹೋಗಿದೆ. ಅದೊಂದೇ ನಿಜವಾದ ಫೋಕಸ್ ತಪ್ಪು.

ಈಗ ಎಫ್/16ರ ವಿಷಯಕ್ಕೆ ಬರೋಣ. ಈ ತಪ್ಪನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ, ಸಂಕೋಚ ಬೇಡ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಸಣ್ಣದಾದಷ್ಟೂ (ಎಫ್ ಪಕ್ಕದ ಅಂಕಿ ದೊಡ್ಡದಾದಷ್ಟೂ) ಆಳ, ಅಂದರೆ ಹತ್ತಿರದಿಂದ ದೂರಕ್ಕೆ ಸ್ಪಷ್ಟವಾಗಿ ಕಾಣುವ ಭಾಗ, ಜಾಸ್ತಿ ಅಂತ ಎಲ್ಲರೂ ಓದಿರುತ್ತಾರೆ. ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕಿ ನೋಡುವವರು ಕಡಿಮೆ. ನಿಮ್ಮ ಕ್ಯಾಮೆರಾ, ಲೆನ್ಸ್ ಜೂಮ್ ಮಾಡದೆ 18 ಎಂಎಂನಲ್ಲಿ. ಎಫ್/16ರಲ್ಲಿ ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಅರ್ಧ ಮೀಟರ್‌ನಿಂದ ಕೊನೆಯ ತನಕ ಸ್ಪಷ್ಟ. ಎಫ್/8ರಲ್ಲಿ ಎರಡು ಮೀಟರ್‌ಗೆ ಫೋಕಸ್ ಮಾಡಿದರೆ ಒಂದು ಮೀಟರ್‌ನಿಂದ ಕೊನೆಯ ತನಕ ಸ್ಪಷ್ಟ. ಅಂದರೆ ಎಫ್/16 ಇಟ್ಟು ನೀವು ಗಳಿಸಿದ್ದು ಅರ್ಧ ಮೀಟರ್. ಅದಕ್ಕೆ ಕೊಟ್ಟದ್ದು ನಾಲ್ಕು ಪಟ್ಟು ಬೆಳಕು. ಆ ಅರ್ಧ ಮೀಟರ್‌ನಲ್ಲಿ ನಿಮ್ಮ ಮೂರು ಫೋಟೋಗಳಲ್ಲಿ ಏನಿದೆ? ಏನೂ ಇಲ್ಲ. ಒಂದರಲ್ಲಿ ಮುಂದಿನವರ ಮೊಣಕೈ ಇದೆ.

ಅದೇ ಜಾಗ, ಅದೇ ಬೆಳಕು. ಎಫ್/16ರಿಂದ ಎಫ್/8ಕ್ಕೆ ಬಂದರೆ 1/4 ಸೆಕೆಂಡ್ 1/15 ಆಗುತ್ತದೆ. ಐಎಸ್‌ಓ 400ರಿಂದ 1600ಕ್ಕೆ ಏರಿಸಿದರೆ 1/60. 18 ಎಂಎಂನಲ್ಲಿ 1/60 ಅಂದರೆ ಕಾಫಿ ಜಾಸ್ತಿ ಕುಡಿದವರ ಕೈಯಲ್ಲೂ ನಿಲ್ಲುತ್ತದೆ. ಐಎಸ್‌ಓ 1600ಕ್ಕೆ ಸ್ವಲ್ಪ ನಾಯ್ಸ್, ಅಂದರೆ ಫೋಟೋದಲ್ಲಿ ಕಾಳು ಕಾಳು, ಬರುತ್ತದೆ, ನಿಜ. ಈಗಿನ ಸಾಫ್ಟ್‌ವೇರ್‌ಗಳು ಅದನ್ನು ಚೆನ್ನಾಗಿ ತೆಗೆಯುತ್ತವೆ. ಕೈ ಅಲುಗಿದ್ದನ್ನು ಮಾತ್ರ ಯಾವುದೂ ಪೂರ್ತಿ ಸರಿ ಮಾಡುವುದಿಲ್ಲ. ಮರಳುಗಲ್ಲು ಹೇಗೂ ಒರಟು, ಅದರ ಮೇಲಿನ ನಾಯ್ಸ್ ಅರ್ಧ ಜನರಿಗೆ ಗೊತ್ತೇ ಆಗುವುದಿಲ್ಲ.

ಒಂದು ಮಾತು. ಈ ದೂರದ ಲೆಕ್ಕ ಫೋನ್, ಲ್ಯಾಪ್‌ಟಾಪ್, ಎ4 ಪ್ರಿಂಟ್‌ಗೆ ಸಾಕು. ಮನೆಯ ಗೋಡೆ ತುಂಬ ಪ್ರಿಂಟ್ ಹಾಕುತ್ತೀರಾದರೆ ಎರಡರ ಬದಲು ಮೂರ್ನಾಲ್ಕು ಮೀಟರ್‌ಗೆ ಫೋಕಸ್ ಮಾಡಿ. ಮುಂದಿನ ಕಲ್ಲು ಸ್ವಲ್ಪ ಮೆತ್ತಗಾದರೆ ಕಣ್ಣು ಕ್ಷಮಿಸುತ್ತದೆ. ಬೆಳಕು ಬಿದ್ದಿರುವ ದೂರದ ತಿರುವು ಮೆತ್ತಗಾದರೆ ಕ್ಷಮಿಸುವುದಿಲ್ಲ.

ಎಫ್/22ಕ್ಕೆ ಹೋದರೆ ಇನ್ನೂ ಶಾರ್ಪ್ ಅನ್ನುವವರೂ ಇದ್ದಾರೆ. ಸಣ್ಣ ಕಿಂಡಿಯಲ್ಲಿ ಹಾದುಬರುವಾಗ ಬೆಳಕು ಹರಡಿಕೊಳ್ಳುತ್ತದೆ. ಎಫ್/22ರಲ್ಲಿ ಒಂದು ಚುಕ್ಕಿ ಬೆಳಕು ಸೆನ್ಸರ್ ಮೇಲೆ ಸುಮಾರು 0.03 ಮಿಲಿಮೀಟರ್ ಅಗಲಕ್ಕೆ ಹರಡುತ್ತದೆ. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.004 ಮಿಲಿಮೀಟರ್. ಏಳು ಪಿಕ್ಸೆಲ್ ಅಗಲದ ಚುಕ್ಕಿಯಿಂದ ಶಾರ್ಪ್ ಫೋಟೋ ಎಲ್ಲಿ ಬರಬೇಕು?

ಇನ್ನು ಫೋಕಸ್ ಓಡಾಡುವುದು. ಇದು ನಿಮ್ಮ ಕ್ಯಾಮೆರಾದ ರೋಗ ಅಲ್ಲ, ಆ ಕಲ್ಲಿನ ಸ್ವಭಾವ. ನನಗೆ ಇದು ಮೊದಲು ಗೊತ್ತಾದದ್ದು ಅರಿಜೋನಾದಲ್ಲಿ ಅಲ್ಲ, ಬಾದಾಮಿಯಲ್ಲಿ. ಮ್ಯೂಸಿಯಂ ಪಕ್ಕದಿಂದ ಮೇಲಿನ ಶಿವಾಲಯಕ್ಕೆ ಹತ್ತುವಾಗ ಕೆಂಪು ಬಂಡೆಗಳ ನಡುವೆ ಒಂದು ಇಕ್ಕಟ್ಟಾದ ಸಂದು ಬರುತ್ತದಲ್ವಾ, ಅಲ್ಲಿ. ಗೋಡೆಗೆ ಕ್ಯಾಮೆರಾ ಹಿಡಿದರೆ ಲೆನ್ಸ್ ಗುರ್ ಗುರ್ ಅಂತ ಆಚೆ ಈಚೆ ಹೋಗುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ಸಿಟ್ಟು ಬಂದು ಕ್ಯಾಮೆರಾ ಅಡ್ಡದಿಂದ ಉದ್ದಕ್ಕೆ ತಿರುಗಿಸಿದೆ. ಟಕ್ ಅಂತ ಹಿಡಿಯಿತು.

ಕಾರಣ ಇಷ್ಟು. ಬಹಳಷ್ಟು ಮಿರರ್‌ಲೆಸ್ ಕ್ಯಾಮೆರಾಗಳು ಒಂದೇ ದೃಶ್ಯವನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನೋಡುತ್ತವೆ. ಎರಡು ನೋಟ ಎಷ್ಟು ಪಕ್ಕಕ್ಕೆ ಸರಿದಿವೆ ಅಂತ ಅಳೆದು ಫೋಕಸ್ ಮಾಡುತ್ತವೆ. ಇದಕ್ಕೆ ನಿಂತ ಗೆರೆ ಬೇಕು. ಗೆರೆ ಹಾಕಿದ ನೋಟ್‌ಬುಕ್ ಹಾಳೆಯನ್ನು ಪಕ್ಕಕ್ಕೆ ಸರಿಸಿ ನೋಡಿ, ಅಂಚು ಕಾಣದಿದ್ದರೆ ಸರಿದದ್ದೇ ಗೊತ್ತಾಗುವುದಿಲ್ಲ. ಮಲಗಿದ ಗೆರೆಗಳ ಕಲ್ಲು ಕ್ಯಾಮೆರಾಗೆ ಅಂಥ ಹಾಳೆ. ಆಂಟಿಲೋಪ್‌ನ ಗೋಡೆಯ ಮೈಯೆಲ್ಲ ಇಂಥದೇ ಪದರಗಳು. ಮೇಲಿಂದ ಕತ್ತಲು ಬೇರೆ.

ಆದ್ದರಿಂದ ಕ್ಯಾಮೆರಾವನ್ನು ಓರೆ ಮಾಡಿ ಅಥವಾ ಉದ್ದಕ್ಕೆ ತಿರುಗಿಸಿ, ಬಟನ್ ಅರ್ಧ ಒತ್ತಿ ಹಿಡಿದು, ಮತ್ತೆ ಸರಿ ಮಾಡಿ ಕ್ಲಿಕ್ ಮಾಡಿ. ಇದು ಒಂದು ದಾರಿ. ಬೆಳಕು ಮತ್ತು ನೆರಳು ಸೇರುವ ಅಂಚಿಗೆ ಫೋಕಸ್ ಪಾಯಿಂಟ್ ಇಡುವುದು ಇನ್ನೊಂದು. ನಾನು ಮಾಡುವುದು ಮೂರನೆಯದು. ಒಳಗೆ ಹೋಗುವ ಮೊದಲೇ ಬಿಸಿಲಲ್ಲಿ ಎರಡು ಮೀಟರ್ ದೂರ ನಿಂತವರ ಶೂಗೆ ಆಟೋಫೋಕಸ್ ಮಾಡುತ್ತೇನೆ. ತಕ್ಷಣ ಮ್ಯಾನುಯಲ್‌ಗೆ ಬದಲಾಯಿಸುತ್ತೇನೆ. ಆಮೇಲೆ ಮುಟ್ಟುವುದಿಲ್ಲ. ಇದರ ಅಪಾಯ ಎರಡು. ನಿಮ್ಮಂಥ ಕಿಟ್ ಲೆನ್ಸ್‌ಗಳಲ್ಲಿ ಜೂಮ್ ತಿರುಗಿಸಿದರೆ ಫೋಕಸ್ ಕೂಡ ಜರುಗುತ್ತದೆ. ಜೂಮ್ ಮುಟ್ಟಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಎರಡನೆಯದು, ಕೆಲವು ಕ್ಯಾಮೆರಾಗಳು ಆಫ್ ಮಾಡಿ ಆನ್ ಮಾಡಿದರೆ ಮ್ಯಾನುಯಲ್ ಫೋಕಸ್ ಜಾಗ ಮರೆತುಬಿಡುತ್ತವೆ. ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ.

ಗೋಡೆ ಮೊಳದಷ್ಟು ಹತ್ತಿರ ಇದ್ದು, ಎರಡು ಮೀಟರ್‌ನ ಲೆಕ್ಕಕ್ಕೂ ಸಿಗದಿದ್ದರೆ? ಅದನ್ನು ಕಪ್ಪಾಗಲು ಬಿಡಿ. ಹೊಳೆಯುವ ತಿರುವಿಗೆ ತಕ್ಕಷ್ಟೇ ಬೆಳಕು ಬಿಟ್ಟು ಎಕ್ಸ್‌ಪೋಸ್ ಮಾಡಿದರೆ ಮುಂದಿನ ಗೋಡೆ ಕಪ್ಪು ಚೌಕಟ್ಟಿನ ಹಾಗೆ ನಿಲ್ಲುತ್ತದೆ. ಕಪ್ಪಿಗೆ ಶಾರ್ಪ್ ಬೇಕಿಲ್ಲ.

ಬಣ್ಣದ ದೂರು ನನಗೆ ಇಷ್ಟವಾಯಿತು, ಯಾಕೆಂದರೆ ಅಲ್ಲಿನ ಬೆಳಕಿನ ಆಟವೆಲ್ಲ ಅದರಲ್ಲೇ ಇದೆ. ಮಧ್ಯಾಹ್ನದ ಬಿಸಿಲು ಮೇಲಿನ ಅಂಚಿಗೆ ನೇರ ಬೀಳುತ್ತದೆ. ಅಲ್ಲಿಂದ ಎದುರಿನ ಗೋಡೆಗೆ, ಅಲ್ಲಿಂದ ಮತ್ತೆ ಈಚೆಗೆ, ಹೀಗೆ ಪುಟಿಯುತ್ತಾ ಕೆಳಗಿಳಿಯುತ್ತದೆ. ಆ ಕಲ್ಲಿನಲ್ಲಿ ಕಬ್ಬಿಣದ ತುಕ್ಕು ಸೇರಿದೆ. ಅದು ನೀಲಿಯನ್ನು ನುಂಗಿ ಕೆಂಪನ್ನು ವಾಪಸ್ ಕೊಡುತ್ತದೆ. ಒಂದೊಂದು ಸಲ ಪುಟಿದಾಗಲೂ ನೀಲಿ ಕಮ್ಮಿಯಾಗುತ್ತದೆ. ಮೇಲೆ ಹಳದಿ, ನಡುವೆ ಕಿತ್ತಳೆ, ಕೆಳಗೆ ಕೆಂಡ. ಬಿಸಿಲು ಪುಟಿದು ಬರದ, ಆಕಾಶದ ಬೆಳಕು ಮಾತ್ರ ಇಣುಕುವ ಮೂಲೆಗಳು ನೇರಳೆ. ಆ ನೇರಳೆ ಫೋಟೋಶಾಪ್‌ನಲ್ಲಿ ಹಾಕಿದ್ದು ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ, ಅದು ಅಲ್ಲೇ ಇರುತ್ತದೆ. ಕೆಲವರು ಅದನ್ನು ಮೂರು ಪಟ್ಟು ಮಾಡಿ ಪ್ರಿಂಟ್ ಮಾರುತ್ತಾರೆ ಅನ್ನುವುದು ಬೇರೆ ಮಾತು.

ಈ ಬಣ್ಣವನ್ನು ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ತಿದ್ದುವುದು, ಕೆಡಿಸುತ್ತದೆ. ಎಲ್ಲ ಕಡೆ ಕಿತ್ತಳೆ ಕಂಡರೆ ಅದಕ್ಕೆ ಇದು ಮನೆಯ ಹಳೇ ಬಲ್ಬಿನ ಬೆಳಕು ಅನ್ನಿಸುತ್ತದೆ. ಸರಿ ಮಾಡೋಣ ಅಂತ ನೀಲಿ ಸುರಿಯುತ್ತದೆ. ಕಿತ್ತಳೆಗೆ ನೀಲಿ ಬೆರೆತರೆ ಕೆಸರು. ನೀವು ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್) ತೆಗೆದಿರುವುದರಿಂದ ಏನೂ ಹೋಗಿಲ್ಲ. ಈಗಲೇ ವೈಟ್ ಬ್ಯಾಲೆನ್ಸನ್ನು 5500 ಕೆಲ್ವಿನ್, ಅಂದರೆ ಬಿಸಿಲಿನ ಬಣ್ಣದ ಅಂಕಿಯ, ಹತ್ತಿರಕ್ಕೆ ಎಳೆಯಿರಿ, ನೋಡಿ. ಮುಂದಿನ ಸಲ ಅಲ್ಲೇ ಡೇಲೈಟ್‌ಗೆ ಹಾಕಿಬಿಡಿ.

ಹಾಗಾದರೆ ಹೆಂಡತಿಯ ಫೋನ್ ಗೆದ್ದದ್ದು ಹೇಗೆ? ಮೋಸವೇನಿಲ್ಲ. ಫೋನ್ ಸೆನ್ಸರ್ ಪುಟ್ಟದು, ಲೆನ್ಸ್ ಆರೇಳು ಎಂಎಂನದು. ಅಪರ್ಚರ್ ಅಗಲ ತೆರೆದಿದ್ದರೂ ಆಳ ತಾನಾಗಿ ಸಿಗುತ್ತದೆ. ಒಂದು ಒತ್ತಿಗೆ ಹಲವು ಫೋಟೋ ತೆಗೆದು ಸೇರಿಸಿಬಿಡುತ್ತದೆ, ಕೈ ಅಲುಗಿದ್ದು ಕಾಣುವುದಿಲ್ಲ. ಜೊತೆಗೆ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಗೈಡ್‌ಗಳು ಶುರುವಿನಲ್ಲೇ ಪ್ರವಾಸಿಗರ ಫೋನ್ ಇಸಿದುಕೊಂಡು ಬೆಚ್ಚಗಿನ ಬಣ್ಣದ ಫಿಲ್ಟರ್ ಹಾಕಿಕೊಡುವುದುಂಟು. ಯಾವ ಜಾಗದಲ್ಲಿ ಯಾವ ಕೋನ ಅಂತ ಅವರಿಗೆ ಬಾಯಿಪಾಠ. ಅವರು ಹೇಳಿದ ಕಡೆ ನಿಂತು ಕ್ಯಾಮೆರಾದಲ್ಲೂ ಒಂದು ತೆಗೆಯಿರಿ.

ಎಕ್ಸ್‌ಪೋಷರ್‌ನಲ್ಲಿ ಒಂದೇ ಒಂದು ಎಚ್ಚರಿಕೆ. ಕ್ಯಾಮೆರಾ ತೋರಿಸುವ ಬಿಳಿ ಹಿಸ್ಟೋಗ್ರಾಂ (ಫೋಟೋದಲ್ಲಿ ಕತ್ತಲೆಷ್ಟು, ಬೆಳಕೆಷ್ಟು ಅನ್ನುವ ಗ್ರಾಫ್) ನಂಬಬೇಡಿ, ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವುದನ್ನು ಹಾಕಿಕೊಳ್ಳಿ. ಇಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ತುಂಬಿ ಚೆಲ್ಲುತ್ತದೆ. ಬಿಳಿಯದು ಆರಾಮಾಗಿ ಕಾಣುತ್ತಿರುವಾಗಲೇ ಕೆಂಪು ಗ್ರಾಫಿನ ಬಲ ಅಂಚಿಗೆ ಬಡಿದಿರುತ್ತದೆ. ಆಮೇಲೆ ಹೊಳೆಯುವ ಕಡೆ ಕಲ್ಲಿನ ಗೆರೆಗಳು ಮಾಯವಾಗಿ ಪೇಂಟ್ ಬಳಿದ ಹಾಗೆ ಕಾಣುತ್ತದೆ. ಮುಕ್ಕಾಲು ಸ್ಟಾಪ್, ಒಂದು ಸ್ಟಾಪ್ ಕಮ್ಮಿ ಇಡಿ (ಒಂದು ಸ್ಟಾಪ್ ಕಮ್ಮಿ ಅಂದರೆ ಅರ್ಧ ಬೆಳಕು, ಒಂದು ಸ್ಟಾಪ್ ಜಾಸ್ತಿ ಅಂದರೆ ಎರಡು ಪಟ್ಟು). ನೆರಳನ್ನು ಆಮೇಲೆ ಎರಡು ಸ್ಟಾಪ್ ಎತ್ತಿದರೂ ರಾ ಫೈಲ್ ತಡೆಯುತ್ತದೆ. ಫ್ರೇಮ್‌ನಲ್ಲಿ ಆಕಾಶದ ಚೂರು ಬಾರದ ಹಾಗೆ ನೋಡಿಕೊಳ್ಳಿ. ಅದು ಬಂದರೆ ಬೇರೆ ಯಾವ ಲೆಕ್ಕವೂ ನಡೆಯುವುದಿಲ್ಲ.

ಎಚ್‌ಡಿಆರ್ ಬಗ್ಗೆ ಗೆಳೆಯ ಹೇಳಿದ್ದು ಟ್ರೈಪಾಡ್ ಇದ್ದರೆ ಸರಿ. ಕೈಯಲ್ಲಿ ಹಿಡಿದು ಮೂರು ಫೋಟೋ ಎರಡೆರಡು ಸ್ಟಾಪ್ ಅಂತರದಲ್ಲಿ ತೆಗೆದರೆ, ನಡುವಿನದು 1/60 ಇದ್ದರೆ ಹೆಚ್ಚು ಬೆಳಕಿನದು 1/15. ಅದೇ ಅಲುಗಿರುತ್ತದೆ. ನಡುವೆ ಜನ ನಡೆಯುತ್ತಾರೆ, ದೂಳು ತೇಲುತ್ತದೆ, ಸೇರಿಸಿದರೆ ಭೂತಗಳು. ಫ್ಲ್ಯಾಶ್ ಯೋಚನೆ ಇದ್ದರೆ ಬಿಟ್ಟುಬಿಡಿ. ಮುಂದಿನ ಗೋಡೆ ಬೆಳ್ಳಗಾಗಿ, ಪುಟಿದ ಬೆಳಕಿನ ಕೆಂಡವೆಲ್ಲ ಆರಿಹೋಗುತ್ತದೆ.

ಇನ್ನು ಅಪ್ಪರ್. ಅದು ಲೋಯರ್‌ನ ಹಾಗಲ್ಲ. ಲೋಯರ್ ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಅಪ್ಪರ್ ತಲೆಕೆಳಗು: ಕೆಳಗೆ ಅಗಲ, ಮೇಲೆ ಸಣ್ಣ ಸೀಳು. ಆ ಸೀಳಿನಿಂದಲೇ ಬೆಳಕಿನ ಕೋಲು ಬೀಳುವುದು, ಅದಕ್ಕೇ ಒಳಗೆ ಕತ್ತಲು ಜಾಸ್ತಿ. ನಿಮ್ಮ ಲೋಯರ್ ಅಂಕಿಗಳಿಗಿಂತ ಮೂರು ಸ್ಟಾಪ್ ಕಮ್ಮಿ ಬೆಳಕು ಅಂದುಕೊಂಡು ಹೋಗಿ. ಅಂದರೆ ಎಫ್/8, ಐಎಸ್‌ಓ 1600ಕ್ಕೆ 1/8 ಸೆಕೆಂಡ್. ಮತ್ತೆ ಅದೇ ಕಷ್ಟ. ಟ್ರೈಪಾಡ್‌ಗೆ ಅಪ್ಪರ್, ಲೋಯರ್ ಎರಡರ ಸಾಮಾನ್ಯ ಟೂರ್‌ಗಳಲ್ಲೂ ಬಿಡುವುದಿಲ್ಲ.

ಫುಲ್ ಫ್ರೇಮ್ ಬೇಡ ಅಂತ ನಾನು ಹೇಳುವುದು ಇಲ್ಲೇ. ಅದರಲ್ಲಿ ಅಷ್ಟೇ ಆಳ ಬೇಕೆಂದರೆ ಎಫ್/8ರ ಬದಲು ಎಫ್/12ರ ಹತ್ತಿರ ಹೋಗಬೇಕು, ಐಎಸ್‌ಓ ಅಷ್ಟು ಏರಿಸಬೇಕು. ನಾಯ್ಸ್‌ನಲ್ಲಿ ಗಳಿಸಿದ್ದು ಅಲ್ಲೇ ಕರಗಿತು. ಲಕ್ಷಗಟ್ಟಲೆ ಸುರಿದು ಇದ್ದಲ್ಲೇ ಇದ್ದ ಹಾಗೆ. ಅದರ ಬದಲು ನಿಮ್ಮ ಕ್ಯಾಮೆರಾಗೆ 10 ಎಂಎಂನಿಂದ ಶುರುವಾಗುವ ಎಫ್/4 ವೈಡ್ ಲೆನ್ಸ್ ಒಂದನ್ನು ಬಾಡಿಗೆಗೆ ತನ್ನಿ. 10 ಎಂಎಂ, ಎಫ್/4, ಒಂದೂಕಾಲು ಮೀಟರ್‌ಗೆ ಫೋಕಸ್: ಎರಡು ಅಡಿಯಿಂದ ಕೊನೆಯ ತನಕ ಸ್ಪಷ್ಟ. ಐಎಸ್‌ಓ 3200 ಇಟ್ಟರೆ ಅಪ್ಪರ್‌ನ ಕತ್ತಲಲ್ಲೂ 1/60 ಸಿಗುತ್ತದೆ. ಇದರ ತೊಂದರೆ, ವೈಡ್ ಲೆನ್ಸ್ ಬೇಡದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ: ಆಕಾಶ, ಪಕ್ಕದವರ ತಲೆ. ಕ್ಯಾಮೆರಾ ಮೇಲಕ್ಕೆತ್ತಿ ಹಿಡಿದರೆ ತಲೆಗಳು ತಪ್ಪುತ್ತವೆ. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಒಟ್ಟಿಗೆ ಮೂರ್ನಾಲ್ಕು ಕ್ಲಿಕ್ ಮಾಡಿ. ಮೊದಲನೆಯದರಲ್ಲಿ ಬೆರಳು ಒತ್ತಿದ ಅಲುಗಾಟ ಇರುತ್ತದೆ, ಆಮೇಲಿನವುಗಳಲ್ಲಿ ಒಂದು ಸಿಗುತ್ತದೆ.

ಬೆಳಕಿನ ಕೋಲು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಅಕ್ಟೋಬರ್ ಶುರುವಿನ ತನಕ. ಜೂನ್‌ನಲ್ಲಿ ಪೇಜ್‌ನ ಮಧ್ಯಾಹ್ನದ ಸೂರ್ಯ 76 ಡಿಗ್ರಿ ಎತ್ತರ ಏರುತ್ತಾನೆ, ನೀವು ಹೋಗುವ ಹೊತ್ತಿಗೆ 57ರ ಆಸುಪಾಸು. ಕೋಲುಗಳು ಕಮ್ಮಿ, ಓರೆ ಜಾಸ್ತಿ. ಸೂರ್ಯ ನೆತ್ತಿಗೆ ಬರುವುದು ಅಲ್ಲಿನ ಗಡಿಯಾರದಲ್ಲಿ ಸುಮಾರು 12:20ಕ್ಕೆ, ಅದರ ಆಚೀಚೆಯ ಟೂರ್ ಹಿಡಿಯಿರಿ. ಗಡಿಯಾರದ್ದೂ ಒಂದು ಕಿರಿಕಿರಿ ಇದೆ. ಅರಿಜೋನಾ ಬೇಸಿಗೆಯಲ್ಲಿ ಸಮಯ ಮುಂದಕ್ಕೆ ತಳ್ಳುವುದಿಲ್ಲ, ನವಾಹೊಗಳದೇ ಆಡಳಿತ ಇರುವ ನವಾಹೊ ನೇಷನ್ ತಳ್ಳುತ್ತದೆ. ಆಂಟಿಲೋಪ್ ನವಾಹೊ ನೆಲದಲ್ಲಿದ್ದರೂ ಟೂರ್‌ಗಳು ನಡೆಯುವುದು ಪೇಜ್‌ನ, ಅಂದರೆ ಅರಿಜೋನಾ ಸಮಯಕ್ಕೆ. ಅಲ್ಲಿ ನಿಮ್ಮ ಫೋನ್ ಸುಮ್ನೆ ಒಂದು ಗಂಟೆ ಮುಂದೆ ಹಾರಿದರೆ ಗಾಬರಿ ಆಗಬೇಡಿ.

ಕೋಲು ಕಾಣಬೇಕಾದರೆ ದೂಳು ಬೇಕು. ಕೆಲವೊಮ್ಮೆ ಗೈಡ್ ಮರಳು ಎರಚುವುದುಂಟು. ಎಲ್ಲರೂ ಎರಚಿದ ಕ್ಷಣವೇ ಕ್ಲಿಕ್ ಮಾಡುತ್ತಾರೆ. ನೀವು ಎರಡು ಮೂರು ಸೆಕೆಂಡ್ ತಡೆಯಿರಿ. ದಪ್ಪ ಕಾಳು ಕೆಳಗೆ ಬಿದ್ದು ನಯವಾದ ದೂಳು ಮಾತ್ರ ತೇಲುವಾಗ ಕೋಲು ರೇಷ್ಮೆ ಸೀರೆಯ ನೆರಿಗೆಯ ಹಾಗೆ ನಿಲ್ಲುತ್ತದೆ. ಕೋಲಿನ ಮೇಲೆ ಫೋಕಸ್ ಮಾಡಲು ಹೋಗಬೇಡಿ, ಅಲ್ಲಿ ಹಿಡಿಯಲು ಏನೂ ಇಲ್ಲ. ಅದು ನೆಲಕ್ಕೆ ತಾಗುವ ಅಂಚಿಗೆ ಮಾಡಿ.

ಲೆನ್ಸ್ ಮಾತ್ರ ಒಳಗೆ ಬದಲಾಯಿಸಬೇಡಿ. ನಾನು ಮೊದಲ ಸಲ ಬದಲಾಯಿಸಿದೆ, ಅರ್ಧ ನಿಮಿಷದ ಕೆಲಸ. ಆ ಲೆನ್ಸಿನ ಜೂಮ್ ರಿಂಗ್ ಇವತ್ತಿಗೂ ಮರಳು ಬಿದ್ದ ಅವಲಕ್ಕಿ ತಿಂದ ಹಾಗೆ ಕರಕರ ಅನ್ನುತ್ತದೆ. ದೂಳು ಕೂತರೆ ಬಟ್ಟೆಯಿಂದ ಒರೆಸದೆ ಬ್ಲೋಯರ್‌ನಿಂದ ಊದಿ.

ಟ್ರೈಪಾಡ್ ಇಟ್ಟು ನಿಧಾನವಾಗಿ ತೆಗೆಯಬೇಕು ಅಂತ ಆಸೆ ಇದ್ದರೆ ಬೇರೆ ಜಾಗಗಳಿವೆ. ಪೇಜ್ ಸುತ್ತ ಗೈಡ್ ಜೊತೆ ಹೋಗುವ ಸಣ್ಣ ಕಣಿವೆಗಳಲ್ಲಿ ಫೋಟೋಗ್ರಾಫರ್‌ಗಳಿಗೇ ಅಂತ ಟೂರ್ ಇಡುವವರನ್ನು ವಿಚಾರಿಸಿ. ಯೂಟಾದ ಎಸ್ಕಲಾಂಟೆ ಕಡೆಯ ಪೀಕ್-ಎ-ಬೂ, ಸ್ಪೂಕಿ ಕಣಿವೆಗಳಿಗೆ ಗೈಡ್ ಬೇಕಿಲ್ಲ. ಅಲ್ಲಿ ಒಂದೇ ದೃಶ್ಯವನ್ನು ಒಮ್ಮೆ ಹತ್ತಿರಕ್ಕೆ, ಒಮ್ಮೆ ದೂರಕ್ಕೆ ಫೋಕಸ್ ಮಾಡಿ ಎರಡು ಫೋಟೋ ಸೇರಿಸಬಹುದು. ಆದರೆ ಸ್ಪೂಕಿಯಲ್ಲಿ ಕೆಲವು ಕಡೆ ಪಕ್ಕಕ್ಕೆ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕು. ಅಮ್ಮನ ಜೊತೆ ಅಲ್ಲ, ಒಂಟಿಯಾಗಿಯೂ ಅಲ್ಲ.

ಮಳೆಯ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. ಅಪ್ಪರ್‌ಗೆ ನವಾಹೊ ಭಾಷೆಯಲ್ಲಿ ಇರುವ ಹೆಸರಿನ ಅರ್ಥವೇ ಬಂಡೆಯ ನಡುವೆ ನೀರು ಹರಿಯುವ ಜಾಗ. 1997ರ ಆಗಸ್ಟ್ 12ರಂದು ಲೋಯರ್‌ನಲ್ಲಿ ನೀರು ನುಗ್ಗಿ 11 ಪ್ರವಾಸಿಗರು ಸತ್ತರು. ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದಲ್ಲಿ. ಅಲ್ಲಿನ ಮಳೆಗಾಲ ಜುಲೈಯಿಂದ ಸೆಪ್ಟೆಂಬರ್ ತನಕ, ನೀವು ಹೋಗುವುದು ಅದರ ಬಾಲದಲ್ಲಿ. ತಲೆ ಮೇಲೆ ಆಕಾಶ ನೀಲಿ ಇದ್ದರೂ ಟೂರ್ ರದ್ದು ಅಂದರೆ ರದ್ದು, ವಾದ ಮಾಡಬೇಡಿ. ಆಗುವುದಾದರೆ ಪೇಜ್‌ನಲ್ಲಿ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ.

ಅಮ್ಮನಿಗೆ ಅಪ್ಪರ್ ಆರಿಸಿದ್ದು ಒಳ್ಳೆಯದು. ಲೋಯರ್‌ನ ಕಡಿದಾದ ಕಬ್ಬಿಣದ ಏಣಿಗಳು ಇಲ್ಲಿ ಇಲ್ಲ, ಒಳಗೆ ನೆಲ ಸಮ. ಹೊರಗೆ ಸುತ್ತಿ ಬರುವ ದಾರಿಯಲ್ಲಿ ಎಷ್ಟು ಮೆಟ್ಟಿಲಿದೆ ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಅವರ ಫೋಟೋವನ್ನು ಬೆಳಕಿನ ಕೋಲಿನ ಕೆಳಗೆ ತೆಗೆಯಬೇಡಿ, ತಲೆ ಬೆಳ್ಳಗೆ ಸುಟ್ಟು ಮುಖ ಕಪ್ಪಾಗುತ್ತದೆ. ಕೋಲಿನಿಂದ ನಾಲ್ಕು ಹೆಜ್ಜೆ ಈಚೆ, ಹೊಳೆಯುವ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕಣ್ಣಿಗೆ ಫೋಕಸ್ ಮಾಡಿ. ಮತ್ತೆ, ಅವತ್ತು ನೀಲಿ ಸೀರೆ ಬೇಡ ಅನ್ನಿ. ಆ ಬೆಳಕಲ್ಲಿ ನೀಲಿ ಸತ್ತು ಇದ್ದಿಲಾಗುತ್ತದೆ. ಕೆನೆ ಬಣ್ಣದ್ದೋ ತಿಳಿ ಹಳದಿಯದ್ದೋ ಇದ್ದರೆ ಉಡಲಿ, ಗೋಡೆಯ ಬಣ್ಣವನ್ನೆಲ್ಲ ಅದೇ ಹೀರಿಕೊಳ್ಳುತ್ತದೆ.